ರಬ್ಬರ್ ಚಾವಣಿಗೆ ತೇಪೆ

ಟ್ರೇಲರ್ ಮನೆಯನ್ನು ಹಿಂದಕ್ಕೆ ಸರಿಸುವಾಗ ಒಬ್ಬರು ಅದನ್ನೆಳೆಯುವ ಪಿಕಪ್ ಗಾಡಿಯಲ್ಲಿ ಕೂರಬೇಕು, ಇನ್ನೊಬ್ಬರು ಹಿಂದೆ ನಿಂತು ಕೈಸನ್ನೆ ಮಾಡಬೇಕು. ಚಳಿಗಾಲ ಕಳೆಯಲು ಅರಿಜೋನಾದ ಈ ಮರಳುಗಾಡಿಗೆ ಬರುವ ಗಂಡಹೆಂಡಿರು ಜಗಳಕ್ಕೆ ಬೀಳುವುದೇ ಆಗ. ಅರ್ಲೀನ್ ಹನ್ನೊಂದು ವರ್ಷ ಹಿಂದೆ ನಿಂತು ಕೈ ಬೀಸಿದವಳು. ಗಂಡ ಡೆಲ್ಬರ್ಟ್ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ ಈ ಜನವರಿಯಲ್ಲಿ ಮೊದಲ ಸಲ ತಾನೇ ಸ್ಟಿಯರಿಂಗ್ ಹಿಡಿದಳು. ಪಕ್ಕದ ಟ್ರೇಲರಿನ ಮುದುಕ ರಾಲಿ, "ನಾನು ಹಿಂದೆ ನಿಂತ್ಕೊಳ್ಲಾ?" ಎಂದು ಕೇಳಿದರೆ, "ಬೇಡ, ನನಗೆ ಬರುತ್ತೆ" ಎಂದಳು. ಏನು ಹಟವೋ! ಬಲಗನ್ನಡಿ ನೋಡಿದಳು, ಎಡಗನ್ನಡಿ ನೋಡಿದಳು. ಮೇಲೆ ನೋಡುವವರು ಯಾರೂ ಇರಲಿಲ್ಲ. ಮೆಸ್ಕೀಟ್ ಮರದ ಒಣಕೊಂಬೆ ಚಾವಣಿಯ ರಬ್ಬರ್ ಹಾಳೆಯನ್ನು ಮೊಳದುದ್ದ ಸೀಳಿಹಾಕಿತು.

ಮರುದಿನ ಸಂಜೆಗೆ ಮಳೆಯೆಂದು ರೇಡಿಯೋ ಹೇಳಿತು. ರಬ್ಬರಿನ ಕೆಳಗಿರುವುದು ಬರೀ ತೆಳು ಪ್ಲೈವುಡ್. ಅದು ನೆನೆದು ಕೊಳೆತರೆ ಟ್ರೇಲರ್ ಗುಜರಿಗೆ ಸರಿ, ಅರ್ಲೀನಳಿಗೋ ಬೇರೆ ಮನೆಯಿಲ್ಲ. ಚಾವಣಿ ಸೀಳಿದ ಸುದ್ದಿ ತಿಳಿದು ನೆಬ್ರಾಸ್ಕಾದಿಂದ ಅಣ್ಣ ಹಾರ್ಲನ್ ಮರುದಿನ ಬೆಳಿಗ್ಗೆಯೇ ಫೋನು ಮಾಡಿದ.

"ಒಂದು ಹನಿ ಒಳಗೆ ಬಿತ್ತು ಅಂದ್ರೂ ಮುಗೀತು. ನಾನೇ ಬಂದು ಕರ್ಕೊಂಡು ಹೋಗ್ತೀನಿ. ಒಬ್ಬಳೇ ಊರೂರು ಅಲೆದಿದ್ದು ಸಾಕು."

"ಬೀಳಲ್ಲ. ಬಿದ್ರೆ ಬರ್ತೀನಿ, ಆಯ್ತಾ?" ಎಂದು ಫೋನಿಟ್ಟು ಅವಳು ಏಣಿ ಹತ್ತಿದಳು.

ಕೆಳಗೆ ರಾಲಿ ಏಣಿ ಹಿಡಿದು ನಿಂತ. "ನೀವು ಇಳೀರಿ, ನಾನು ಹತ್ತುತ್ತೀನಿ."

"ಆ ನೋಯೋ ಮಂಡಿ ಇಟ್ಕೊಂಡಾ? ಆಮೇಲೆ ಅದಕ್ಕೂ ನಾನೇ ತೇಪೆ ಹಾಕ್ಬೇಕು. ಹೋಗಿ ಕಾಫಿ ಕುಡೀರಿ."

ಅವನು ನಕ್ಕು ಹೋದ. ಹೋಗಬಾರದಿತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿತು.

ಸೀಳು ನೇರವಾಗಿ, ಹಿಂದೊಮ್ಮೆ ಸೋರದಿರಲೆಂದು ಡೆಲ್ಬರ್ಟ್ ಮೆತ್ತಿದ್ದ ಸಿಲಿಕೋನ್ ಅಂಟಿನವರೆಗೆ ಓಡಿತ್ತು. ರಬ್ಬರ್ ಚಾವಣಿಗೆ ಅದನ್ನು ಹಚ್ಚಬಾರದು. ಹಚ್ಚಿದರೆ ಅದರ ಮೇಲೆ ಇನ್ನೇನೂ ಅಂಟುವುದಿಲ್ಲ. ಪುಣ್ಯಾತ್ಮ ಧಾರಾಳವಾಗಿ ಹಚ್ಚಿದ್ದ. ಅರ್ಲೀನ್ ಮಂಡಿಯೂರಿ ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಒಂದೊಂದೇ ಎಳೆ ಕೀಳತೊಡಗಿದಳು.

"ಬೇಡ ಬೇಡ ಅಂತ ಬಡ್ಕೊಂಡೆ, ಕೇಳಿದೆಯಾ? ನಿಂಗೆ ಎಲ್ಲಾ ಗೊತ್ತು. ಈಗ ನೋಡು, ಯಾರ ಬೆನ್ನು ಮುರೀತಿದೆ."

ಎರಡು ಗಂಟೆ ಕೆರೆದಳು, ಎರಡು ಗಂಟೆಯೂ ಅವನನ್ನು ಬೈದಳು. ಅವನು ಹೋದ ಮೇಲೆ ಇಷ್ಟು ಮಾತಾಡಿರಲೇ ಇಲ್ಲ. ಸಿಲಿಕೋನು ಪೂರ್ತಿ ಹೋದಾಗ ಬೈಯುವುದಕ್ಕೆ ಏನೂ ಉಳಿಯಲಿಲ್ಲ. ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಅಂಟುಪಟ್ಟಿ ಹಾಸಿ, ಗಾಳಿ ಉಳಿಯದಂತೆ ಉರುಳೆಯಿಂದ ಒತ್ತಿ ಒತ್ತಿ ಕೂರಿಸಿದಳು. ಅಂಚಿಗೆಲ್ಲ ರಬ್ಬರಿಗೆಂದೇ ಇರುವ ಅಂಟು ಸುರಿದಳು.

ನಾಲ್ಕು ಗಂಟೆಗೆ ಮಳೆ ಬಂತು. ಅರ್ಲೀನ್ ಒಳಗೆ ತೇಪೆಯ ನೇರ ಕೆಳಗೆ ಕೂತು, ಕತ್ತು ನೋಯುವ ತನಕ ಮೇಲೇ ನೋಡಿದಳು. ಒಂದೂವರೆ ಗಂಟೆ ರಪರಪ ಹೊಡೆದು ಮಳೆ ನಿಂತಿತು. ಏನೂ ಸೋರಲಿಲ್ಲ.

ಅಣ್ಣನಿಗೆ ಫೋನು ಮಾಡಿದಳು. "ಒಂದು ಹನೀನೂ ಇಲ್ಲ."

"ಹಾಗಾದ್ರೆ ಬರಲ್ಲ ನೀನು."

"ಇಲ್ಲ."

"ಗಟ್ಟಿಗಿತ್ತಿ ಬಿಡು ನೀನು. ಹಿಂದಿನ ರೂಮು ಖಾಲಿ ಮಾಡಿಸಿದ್ದೆ, ಹಾಸಿಗೇನೂ ತಂದಿದ್ದೆ. ಇರ್ಲಿ, ನೀನು ಚೆನ್ನಾಗಿದ್ದರೆ ಸಾಕು."

ಅವನು ಫೋನಿಟ್ಟ. ಸೋರಲಿ ಎಂದೇ ತಾನು ಇಷ್ಟು ಹೊತ್ತು ಕಾದಿದ್ದೆನೆಂದು ಅವಳಿಗೆ ಆಗ ತಿಳಿಯಿತು. ಸೋರಿದ್ದರೆ ಅವನಾಗಿಯೇ ಬರುತ್ತಿದ್ದ. ಬಾ ಎಂದು ಬಾಯಿಬಿಟ್ಟು ಕರೆಯುವುದು ಅವಳಿಂದಾಗದು. ಹಾಸಿಗೆಯ ಮೇಲೆ ನಿಂತು ಚಾವಣಿಗೆ ಅಂಗೈ ಒತ್ತಿ, ಎಲ್ಲಾದರೂ ತೇವವಿದೆಯೇ ಎಂದು ಬಹಳ ಹೊತ್ತು ಹುಡುಕಿದಳು. ಎಲ್ಲ ಕಡೆಯೂ ಒಣಗಿಯೇ ಇತ್ತು.