ಮೂಲೆ ಮನೆಯ ಕಾಗದ

ಮನೆ ಮಾರುವುದೆಂದರೆ ಅಂಗಿಗೆ ಗುಂಡಿ ಹಾಕಿದಷ್ಟೇ ಸಲೀಸು ಎಂದುಕೊಂಡಿದ್ದಳು ಟೈಲರಮ್ಮ. ಕೊಳ್ಳುವವರು ಸಿಕ್ಕಿದ್ದರು, ಮಾತುಕತೆ ಮುಗಿದಿತ್ತು. ಮುಂದೆ ಅಂಗಡಿ, ಹಿಂದೆ ವಾಸ ಎಂದು ಅವಳು ವರ್ಷಗಟ್ಟಲೆ ಆಸೆಪಟ್ಟಿದ್ದಂಥ ಮನೆಯೊಂದು ಮಾರ್ಕೆಟ್ ರಸ್ತೆಯಲ್ಲಿ ಸಿಕ್ಕಿತ್ತು. ಅದರ ಒಡೆಯ ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಒಂದು ದಿನವೂ ಹೆಚ್ಚಿಲ್ಲ ಎಂದಿದ್ದ. ಇದನ್ನು ಮಾರಿ ಅದನ್ನು ಕೊಳ್ಳಬೇಕು, ಅದರಲ್ಲೇನಿದೆ ಮಹಾ! ಏನಿದೆ ಅಂತ ಲಾಯರಮ್ಮ ಮನೆ ನೋಡಲು ಬಂದ ದಿನ ತಿಳಿಯಿತು.

ಲಾಯರಮ್ಮ ಕೊಳ್ಳುವವರ ಕಡೆಯವಳು. ಕಾಗದದಲ್ಲಿ ಬರೆದದ್ದನ್ನು ಕಣ್ಣಾರೆ ಕಾಣದೆ ಯಾರ ಕೈಯಲ್ಲೂ ಸಹಿ ಹಾಕಿಸುವ ಹೆಂಗಸಲ್ಲ. ಹಳೆಯ ಕ್ರಯಪತ್ರ ಹಿಡಿದು ಮನೆಯನ್ನು ಒಂದು ಸುತ್ತು ಬಂದಳು. ಹುಬ್ಬು ಗಂಟಿಕ್ಕಿ ಇನ್ನೊಂದು ಸುತ್ತು ಬಂದಳು. ಪತ್ರದ ಪ್ರಕಾರ ಮನೆಯ ಪೂರ್ವಕ್ಕೆ ಓಣಿ ಇರಬೇಕು. ಇಲ್ಲಿ ಪೂರ್ವಕ್ಕೆ ಇದ್ದದ್ದು ಪಕ್ಕದ ಮನೆ. ಓಣಿ ಅದರ ಆಚೆಗಿತ್ತು.

"ನೀವು ಮಾರ್ತಿರೋದು ಈ ಮನೇನಾ, ಆ ಮೂಲೆ ಮನೇನಾ?" ಎಂದಳು ಲಾಯರಮ್ಮ.

"ಇದನ್ನೇ. ಅದು ನಮ್ಮಕ್ಕಂದು."

"ಪತ್ರದಲ್ಲಿ ನಿಮ್ಮ ಹೆಸರಿಗಿರೋದು ಮೂಲೆ ಮನೆ ಕಣಮ್ಮ."

ಟೈಲರಮ್ಮ ಪತ್ರವನ್ನು ಕಸಿದುಕೊಂಡು ನೋಡಿದಳು. ಮರುಗಳಿಗೆಯಲ್ಲೇ ಎಲ್ಲ ನೆನಪಾಗಿ, ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಅಕ್ಕ ತಂಗಿ ಇಬ್ಬರೂ ಒಂದೇ ಬೆಳಿಗ್ಗೆ, ಒಬ್ಬನೇ ಕಂಟ್ರಾಕ್ಟರನ ಹತ್ತಿರ, ಒಂದಕ್ಕೊಂದು ಅಂಟಿಕೊಂಡ ಎರಡು ಮನೆ ಕೊಂಡಿದ್ದರು. ಓಣಿಯ ಪಕ್ಕದ ಹನ್ನೊಂದನೇ ನಂಬರು ತಂಗಿಗೆ, ಒಳಗಿನ ಹನ್ನೆರಡು ಅಕ್ಕನಿಗೆ. ಸಾಮಾನು ತಂದ ದಿನ ಅಕ್ಕ ಮೂರು ತಿಂಗಳ ಮಗುವನ್ನು ಎತ್ತಿಕೊಂಡು ಹನ್ನೆರಡರ ಮಬ್ಬುಗತ್ತಲ ಕೋಣೆಯಲ್ಲಿ ಸುಮ್ಮನೆ ನಿಂತಿದ್ದಳು. ಬಾಯಿಬಿಟ್ಟು ಏನೂ ಕೇಳಲಿಲ್ಲ. ತಂಗಿಯೇ, ಮೂಲೆ ಮನೆಗೆ ಎರಡು ಕಡೆಯಿಂದ ಬೆಳಕು ಬರುತ್ತದೆ, ಕೂಸಿಗೆ ಒಳ್ಳೆಯದು, ನೀನು ಅಲ್ಲಿಗೆ ಹೋಗು ಎಂದಳು. ಲಾರಿಯಿಂದ ಇಳಿಯುತ್ತಿದ್ದ ಮಂಚ, ಪಾತ್ರೆಗಳೆಲ್ಲ ಅಲ್ಲಿಂದಲೇ ಅದಲುಬದಲಾದವು. ಅಕ್ಕತಂಗಿಯರ ಮಧ್ಯೆ ಎಂಥ ಕಾಗದ ಎಂದು ಭಾವ, ಅಂದರೆ ಅಕ್ಕನ ಗಂಡ, ದೊಡ್ಡದಾಗಿ ನಕ್ಕ. ನಕ್ಕು ಸುಮ್ಮನಿದ್ದಿದ್ದರೆ ಪುಣ್ಯವಾಗುತ್ತಿತ್ತು. ಕಾಗದದಲ್ಲಿ ಯಾರಿಗೆ ಯಾವ ನಂಬರೋ ಅದೇ ಬಾಗಿಲ ಮೇಲೂ ಇರಲಿ ಅಂತ ಸ್ಕ್ರೂಡ್ರೈವರ್ ತಂದು ಎರಡು ಮನೆಯ ನಂಬರಿನ ತಗಡನ್ನೂ ಬಿಚ್ಚಿ ಬದಲಾಯಿಸಿಬಿಟ್ಟ. ಅಂದಿನಿಂದ ತೆರಿಗೆ ಚೀಟಿ, ಕರೆಂಟ್ ಬಿಲ್ಲು ಎಲ್ಲ ಸರಿಯಾದ ಬಾಗಿಲಿಗೇ ಬಂದವು. ಪತ್ರದ ಪೂರ್ವ ಪಶ್ಚಿಮ ಯಾರಿಗೆ ಬೇಕಿತ್ತು? ಇಂಥ ಜಾಣತನ ಭಾವನಿಗಲ್ಲದೆ ಇನ್ನಾರಿಗೆ ಹೊಳೆದೀತು!

ಲಾಯರಮ್ಮ ಇದನ್ನೆಲ್ಲ ಕೇಳಿ ಹಣೆ ಒತ್ತಿಕೊಂಡಳು. ಇದಕ್ಕೆ ದಾರಿ ಇಲ್ಲದೇ ಇಲ್ಲ, ಇಬ್ಬರೂ ಮನೆಗಳನ್ನು ಅದಲುಬದಲು ಮಾಡಿಕೊಂಡ ಹಾಗೆ ಒಂದು ಪತ್ರ ಬರೆಸಿ ನೋಂದಣಿ ಮಾಡಿಸಿದರೆ ಸಾಕು ಎಂದಳು. ಆದರೆ ಅಕ್ಕನ ಸಹಿ ಇಲ್ಲದೆ ಒಂದು ಹೆಜ್ಜೆಯೂ ಮುಂದಿಡುವ ಹಾಗಿಲ್ಲ. ಪಕ್ಕದಲ್ಲೇ ಇದ್ದಾರಲ್ಲ, ಇನ್ನೇನು ಎಂದು ನಗುತ್ತಾ ಹೊರಟಳು.

ಪಕ್ಕದಲ್ಲಿದ್ದರೆ ಏನು ಬಂತು! ಅಕ್ಕ ಮಾತು ಬಿಟ್ಟು ಆರು ವರ್ಷವಾಗಿತ್ತು. ಮೂಲೆ ಮನೆಗೆ ಮಹಡಿ ಕಟ್ಟುವಾಗ ಸಿಮೆಂಟಿನ ಧೂಳು ಗಿರಾಕಿಗಳ ಬಟ್ಟೆಯ ಮೇಲೆ ಬಿದ್ದು, ಟೈಲರಮ್ಮ ಅಂಗಳದಲ್ಲಿ ನಿಂತು ಒಮ್ಮೆ ಕೂಗಾಡಿದ್ದಳು. ಆಮೇಲೆ ಅಕ್ಕನ ಬಾಯಿಗೆ ಬೀಗ ಬಿತ್ತು. ತರಕಾರಿ ಗಾಡಿಯ ಹತ್ತಿರ ಎದುರಾದರೆ ಕೊಂಡದ್ದನ್ನೂ ಬಿಟ್ಟು ಸರಸರ ಹೊರಟುಬಿಡುತ್ತಿದ್ದಳು. ಮಹಡಿ ಬಂತು, ಜೊತೆಗೆ ಜಂಬವೂ ಬಂತು ಅಂತ ತಂಗಿ ತೀರ್ಮಾನಿಸಿದ್ದಳು. ಇವಳೇನು ಕಡಿಮೆಯೇ? ಕೆಲವರಿಗೆ ಈಗ ನೆಲ ಕಾಣುವುದಿಲ್ಲ ಎಂದು ಗೋಡೆಯಾಚೆ ಕೇಳುವ ಹಾಗೆ ಆಡಿಕೊಂಡಿದ್ದೂ ಉಂಟು. ಈಗ ಯಾವ ಮುಖ ಹೊತ್ತು ಸಹಿ ಕೇಳುವುದು?

ಅವಳ ಗಂಡ ಕರೆಂಟ್ ಕೆಲಸದವನು, ಎಂಥ ಹೊತ್ತಿನಲ್ಲೂ ತಮಾಷೆ ಬಿಡುವವನಲ್ಲ. ಕಾಗದ ನಮ್ಮ ಹೆಸರಿಗೇ ಇದೆಯಲ್ಲ, ಮೂಲೆ ಮನೇನೇ ಮಾರಿಬಿಡೋಣ, ಮಹಡಿ ಬೇರೆ ಇದೆ ಎಂದ. ಹೆಂಡತಿ ನೋಡಿದ ನೋಟಕ್ಕೆ ಹೆದರಿ, ತಮಾಷೆಗಂದೆ ಕಣೇ ಎನ್ನುತ್ತಾ ಅಂಗಳಕ್ಕೆ ಹೋದ.

ಎರಡು ದಿನ ಮೀನಮೇಷ ಎಣಿಸಿ, ಮೂರನೆಯ ದಿನ ಟೈಲರಮ್ಮ ಪತ್ರದ ಜೆರಾಕ್ಸ್ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದಳು. ಹೇಳಬೇಕಾದ್ದನ್ನೆಲ್ಲ ದಾರಿಯಲ್ಲೇ ಬಾಯಿಪಾಠ ಮಾಡಿಕೊಂಡಿದ್ದಳು, ದಾರಿ ಇದ್ದದ್ದೇ ಹತ್ತು ಹೆಜ್ಜೆ. ಬಾಗಿಲು ತೆಗೆದ ಭಾವ ಅವಳ ಕೈಯಲ್ಲಿದ್ದ ಕಾಗದ ನೋಡಿ ಬಿಳಿಚಿಕೊಂಡ. ಒಳಗಿದ್ದ ಅಕ್ಕ ಎದ್ದವಳು ಹಾಗೇ ಕುರ್ಚಿಯ ಮೇಲೆ ಕುಸಿದಳು.

"ಗೊತ್ತಾಯ್ತಾ ನಿಂಗೆ?" ಎಂದಳು ಅಕ್ಕ.

ಬಾಯಿಪಾಠವೆಲ್ಲ ಮರೆತುಹೋಯಿತು. ಆರು ವರ್ಷದ ಮೇಲೆ ಅಕ್ಕ ಆಡಿದ ಮೊದಲ ಮಾತು ಅದು.

ಆಮೇಲೆ ಒಂದೊಂದಾಗಿ ಹೊರಬಿತ್ತು. ಮಹಡಿಯ ನಕ್ಷೆ ಬರೆಯಲು ಅಳತೆಗೆ ಬಂದವನು ಪತ್ರ ನೋಡಿ, ನೀವು ಕಟ್ಟಲು ಹೊರಟ ಜಾಗ ನಿಮ್ಮದಲ್ಲವಲ್ಲ ಎಂದು ಆಗಲೇ ಹೇಳಿದ್ದನಂತೆ. ಭಾವ ಗಾಬರಿಬಿದ್ದ. ಈಗ ಬಾಯಿಬಿಟ್ಟರೆ ಅವರ ಮನಸ್ಸು ಹೇಗೆ ತಿರುಗುತ್ತದೋ ಏನೋ, ಮೊದಲು ಕಟ್ಟಿಬಿಡೋಣ, ಆಮೇಲೆ ನೋಡೋಣ ಎಂದ. ಕಟ್ಟಿದ ಮೇಲೆ ಹೆದರಿಕೆ ಇಮ್ಮಡಿಯಾಯಿತು. ತಂಗಿಯ ನೆಲದ ಮೇಲೆ ತಂಗಿಗೆ ಹೇಳದೆ ಮಹಡಿ ಎಬ್ಬಿಸಿದ್ದರಲ್ಲ!

"ನಿನ್ನ ಮುಖ ನೋಡಿದ್ರೆ ಎಲ್ಲಾ ಹೇಳಿಬಿಡ್ತೀನಿ ಅಂತ ಭಯ ಕಣೇ. ಅದಕ್ಕೇ ನೋಡ್ತಾನೇ ಇರ್ಲಿಲ್ಲ."

"ನಾನು ನಿನ್ನ ಬೀದಿಗೆ ಹಾಕ್ತೀನಿ ಅನ್ಕೊಂಡ್ಯಾ ಅಕ್ಕ?"

ಅನ್ನಿಸಿತ್ತು ಎಂಬುದು ಅಕ್ಕನ ಕಣ್ಣಲ್ಲೇ ಇತ್ತು. ಟೈಲರಮ್ಮನಿಗೆ ಮೊದಲು ಸಿಟ್ಟು ನೆತ್ತಿಗೇರಿತು, ಅದರ ಬೆನ್ನಿಗೇ ದೊಡ್ಡ ಸಮಾಧಾನವೂ ಬಂತು. ತನ್ನನ್ನು ಕಂಡರೆ ಅಕ್ಕನಿಗೆ ಆಗುವುದಿಲ್ಲ ಎಂದು ಆರು ವರ್ಷ ನಂಬಿದ್ದು ಸುಳ್ಳಾಗಿತ್ತು. ಅವಳು ಕುಳಿತು ಮನಸಾರೆ ಅತ್ತಳು, ಮೂಗು ಒರೆಸಿಕೊಂಡು ಭಾವನಿಗೆ ಅರ್ಧ ಗಂಟೆ ಸರಿಯಾಗಿ ಮಂಗಳಾರತಿ ಎತ್ತಿದಳು, ಆಮೇಲೆ ಅಕ್ಕ ಮಾಡಿಕೊಟ್ಟ ಟೀಯನ್ನು ಎರಡು ಲೋಟ ಕುಡಿದಳು. ಸಹಿಯ ವಿಷಯ ಅವಳು ಎತ್ತುವ ಮೊದಲೇ, ಯಾವತ್ತು ಬರಬೇಕು ಹೇಳು, ನಾಳೆಯೇ ಆದರೂ ಸರಿ ಎಂದಳು ಅಕ್ಕ.

ಪತ್ರ ಸಿದ್ಧವಾಗಿ ನೋಂದಣಿ ಕಚೇರಿಗೆ ಹೋದದ್ದು ಹದಿನಾಲ್ಕನೇ ತಾರೀಕು. ಕ್ಯಾಮೆರಾ ಮುಂದೆ ಕೂತು ಫೋಟೋ ತೆಗೆಸಿ, ಬೆರಳೊತ್ತಿ ಆದಮೇಲೆ ಅಧಿಕಾರಿ ಕನ್ನಡಕದ ಮೇಲಿಂದ ಟೈಲರಮ್ಮನನ್ನು ನೋಡಿದ. ಮಹಡಿ ಇರುವ ಮೂಲೆ ಮನೆ ಕೊಟ್ಟು ಸಣ್ಣದನ್ನು ತೆಗೆದುಕೊಳ್ಳುತ್ತಿದ್ದೀರಿ, ಯಾರ ಬಲವಂತವೂ ಇಲ್ಲವಷ್ಟೆ ಎಂದು ಕೇಳಿದ.

"ಇಲ್ಲ ಸಾರ್. ಅದು ಯಾವತ್ತಿಂದ್ಲೂ ಅವಳದ್ದೇ," ಎಂದಳು ಟೈಲರಮ್ಮ.

ಅಕ್ಕ ತಂಗಿಯನ್ನೇ ನೋಡುತ್ತಾ ಹಾಕಿದ ಸಹಿ ಸ್ವಲ್ಪ ಸೊಟ್ಟಗಾಯಿತು. ನಡೆಯುತ್ತೆ ಬಿಡಿ ಎಂದು ಅಧಿಕಾರಿ ಮುದ್ರೆ ಒತ್ತಿದ.

ಗಂಡಸರಿಬ್ಬರೂ ಪ್ರತಿ ಪಡೆಯಲು ಕಿಟಕಿಯ ಮುಂದೆ ಸಾಲಿನಲ್ಲಿ ನಿಂತರು. ಅಕ್ಕತಂಗಿ ಹೊರಗಿನ ಬೆಂಚಿನ ಮೇಲೆ ಕುಳಿತರು. ಅಕ್ಕ ಗೋಡೆಗೆ ತಲೆಯಾನಿಸಿ ಉದ್ದಕ್ಕೆ ಉಸಿರುಬಿಟ್ಟಳು. ಇವತ್ತು ನಿದ್ದೆ ಬರುತ್ತೆ ಎಂದಳು. ತನಗೂ ಬರುತ್ತೆ ಎಂದಳು ತಂಗಿ. ಹೋದ ಜೀವ ಬಂದಹಾಗೆ ಆಗಿತ್ತು ಇಬ್ಬರಿಗೂ.

"ಯಾವಾಗ ಖಾಲಿ ಮಾಡ್ತೀಯಾ?" ಅಕ್ಕ ಕೇಳಿದಳು.

"ಇಪ್ಪತ್ತೆಂಟಕ್ಕೆ."

ಅಕ್ಕ ಬೆರಳು ಮಡಚುತ್ತಾ ಲೆಕ್ಕ ಹಾಕಿದಳು. ಒಂದೇ ಗೋಡೆಯ ಆಚೆ ಈಚೆ ಇದ್ದು ಆರು ವರ್ಷ ಕಳೆದಿದ್ದರು, ಇನ್ನು ಉಳಿದದ್ದು ಹದಿನಾಲ್ಕು ದಿನ. ಇಬ್ಬರಿಗೂ ಅದು ಒಟ್ಟಿಗೇ ತಟ್ಟಿತು.

"ಅಲ್ಲೀತನಕ ನಿನ್ನ ಒಲೆ ಹಚ್ಬೇಡ," ಎಂದಳು ಅಕ್ಕ. "ಎರಡು ಹೊತ್ತೂ ನಮ್ಮನೇಗೇ ಬಂದ್ಬಿಡು."