ಗೆಜ್ಜೆ ಬಿಚ್ಚಿದ ನಾಯಿ

ಅಲುಗುತ್ತಿದೆ, ಆ ಒಂದು ಮುಳ್ಳು, ಮೋತ್ಯಾನ ಗಂಟಲಲ್ಲಿ, ಅರ್ಧ ಕಪ್ಪು ಅರ್ಧ ಬಿಳಿ, ನಾಯಿ ಉಸಿರೆಳೆದಂತೆಲ್ಲ ಮೇಲೆ, ಕೆಳಗೆ, ನೋಡಬಾರದು ಅನ್ನುತ್ತೇನೆ, ಅದನ್ನೇ ನೋಡುತ್ತೇನೆ, ನನ್ನ ಎರಡೂ ಕೈ ಅದರ ಬಾಯಿಯ ಸುತ್ತ, ಅಲ್ಲೂ ಮುಳ್ಳುಹಂದಿಯ ಮುಳ್ಳುಗಳೇ, ಒತ್ತಿದಷ್ಟೂ ಒಳಗೆ ಹೋಗುತ್ತವೆ, ನನ್ನ ಅಂಗೈಗೂ ಚುಚ್ಚುತ್ತವೆ, ಚುಚ್ಚಲಿ — ಮೇಲೆ ಚಿಂತಾಕಿಯ ದಾರಿಯಲ್ಲಿ ಕುದುರೆಗಳು, ರಜಾಕಾರರು, ಕೆಳಗೆ ಈ ಹಳ್ಳದ ಕೊರಕಲಲ್ಲಿ ನಮ್ಮೂರಿನ ಹೆಂಗಸರು ಮಕ್ಕಳೆಲ್ಲ ಜಾಲಿಯ ಮರೆಗೆ ಮುದುರಿ ಕೂತಿದ್ದಾರೆ, ನಾಯಿ ಒಮ್ಮೆ ಕುಂಯ್ ಅಂದರೆ ಎಲ್ಲರ ಕಥೆ ಮುಗಿಯಿತು. ಸುಮ್ಮನಿರಪ್ಪ, ನನ್ನ ರಾಜಾ, ಇಕ್ಕಳ ಮನೆಯಲ್ಲೇ ಉಳಿಯಿತು, ಮನೆಯೇ ಉಳಿದಿದೆಯೋ ಇಲ್ಲವೋ, ಬೆಳಿಗ್ಗೆ ಹೊಗೆ ಕಂಡಿತ್ತು, ಇಕ್ಕಳವಿದ್ದರೆ ಬುಡದಲ್ಲಿ ಹಿಡಿದು ನೇರಕ್ಕೆ ಎಳೆಯುತ್ತಿದ್ದೆ, ಮುರಿದರೆ ತುದಿ ಮಾಂಸದೊಳಗೇ ನಡೆಯುತ್ತದೆ, ಅಪ್ಪ ಕಲಿಸಿದ್ದು, ಲೇ ಧೊಂಡ್ಯಾ, ಕೊರಳಿಗೆ ಪಟ್ಟಾ ಕಟ್ಟಲಾರದ ಬ್ಯಾಟಿನಾಯಿ ಬಿಡಬ್ಯಾಡ, ಎಮ್ಮೆ ತೊಗಲಿನ ಅಗಲ ಪಟ್ಟಾ, ಸುತ್ತ ಗೆಜ್ಜೆ, ಸದ್ದು ಕೇಳಿದರೆ ಮುಳ್ಳುಹಂದಿ ಮೊದಲೇ ಬಿಲ ಸೇರುತ್ತದೆ, ಎದುರಾದರೂ ಗಂಟಲಿಗೆ ತೊಗಲಿನ ಕಾವಲು, ಎಷ್ಟು ಬೇಟೆ ಆಡಿದೆವು, ಒಂದು ಮುಳ್ಳೂ ತಾಗಿರಲಿಲ್ಲ — ನಿನ್ನೆ ಗಾಣದ ಅಬ್ದುಲ ಖಾದರ ಓಡಿ ಬಂದ, ಧೊಂಡಿಬಾ, ಈಗಿಂದೀಗ ಊರು ಬಿಡ್ರಿ, ಅವ್ರು ಬರ್ತಾರ, ನಾಯಿ ಗೆಜ್ಜಿ ಬಿಚ್ಚು, ದೂರಕ್ಕ ಕೇಳಸ್ತದ, ಪುಣ್ಯಾತ್ಮ, ಸರಿಯಾಗೇ ಹೇಳಿದ, ನಾನು ಪಟ್ಟಾವನ್ನೇ ಬಿಚ್ಚಿ ಎಸೆದೆ, ಗೆಜ್ಜೆಯನ್ನಷ್ಟೇ ಕಿತ್ತಿದ್ದರೆ ಸಾಕಿತ್ತು, ಹೊಳೆಯಲಿಲ್ಲ, ನನ್ನ ಬುದ್ಧಿಗೆ ಬೆಂಕಿ ಬೀಳಲಿ, ಮೋತ್ಯಾ ಬರಿಗೊರಳಲ್ಲಿ, ಸದ್ದಿಲ್ಲದೆ ಹೋಗಿ ಬಿಲದ ಬಾಯಲ್ಲೇ ಮುಳ್ಳುಹಂದಿಗೆ ಮೂತಿ ಹಾಕಿತು, ಹಸಿದಿತ್ತು, ನಾವೆಲ್ಲ ಹಸಿದಿದ್ದೇವೆ.

ಕುದುರೆಗಳು ನಿಂತವು. ಒಬ್ಬ ಇಳಿದ, ಕಲ್ಲೊಂದು ಉರುಳಿ ನೀರಿಗೆ ಬಿತ್ತು, ಬೀಡಿಯ ವಾಸನೆ, ಮೋತ್ಯಾನ ಎದೆಯೊಳಗೆ ಏನೋ ಗುರುಗುಟ್ಟಿ ಮೇಲೇರುತ್ತಿದೆ, ಬೇಡ, ಬೇಡ, ಒತ್ತುತ್ತೇನೆ, ಹೆಂಡತಿ ಸಖುಬಾಯಿ ಕಿವಿಯಲ್ಲಿ, ಮೂಗ ಬಿಡ್ರೀ, ಉಸರ ಕಟ್ತದ, ಗೊತ್ತದ, ಮೂಗು ಬಿಟ್ಟರೆ ಬಾಯಿ ಜಾರುತ್ತದೆ, ರಕ್ತಕ್ಕೆ ಕೈ ನಿಲ್ಲುತ್ತಿಲ್ಲ, ಅದರ ಕಣ್ಣು ನನ್ನ ಮೇಲೆಯೇ, ಬಾಲ ನನ್ನ ಮೊಣಕಾಲಿಗೆ ಮೆಲ್ಲಗೆ ಬಡಿಯುತ್ತಿದೆ, ಹೆದರಬ್ಯಾಡ ಅನ್ನುವ ಹಾಗೆ, ಇನ್ನೂ ನಂಬಿದೆಯಲ್ಲ ನನ್ನನ್ನು — ಮೇಲಿನಿಂದ ಒಬ್ಬ, ಚಲೋ ಮಿಯಾ, ಹಿಯಾಂ ಕೋಯಿ ನೈ, ಇಲ್ಲಿ ಯಾರೂ ಇಲ್ಲವಂತೆ — ಗೊರಸಿನ ಸದ್ದು ದೂರ, ಇನ್ನೂ ದೂರ, ಔರಾದಿನ ಕಡೆಗೆ, ಯಾರದೋ ಕೂಸು ಈಗ ಅಳುತ್ತಿದೆ, ಅಳಲಿ, ಈಗ ಅಳಬಹುದು, ಹೋದ್ರು, ಕೈ ಬಿಡ್ರೀ, ಅನ್ನುತ್ತಾಳೆ ಸಖು, ಬಿಡ್ತೇನಿ, ಬೆರಳು ಬಿಚ್ಚಬೇಕಲ್ಲ, ಮೋತ್ಯಾ, ಏಳಪ್ಪ, ಕೈ ಬಿಟ್ಟೇನಿ ನೋಡು, ಬಾಲ, ಬಾಲ ಎಲ್ಲಿ, ಮುಳ್ಳು, ಅರ್ಧ ಕಪ್ಪು ಅರ್ಧ ಬಿಳಿ, ಮುಳ್ಳು ಅಲುಗುತ್ತಿಲ್ಲ.