ನಾಲ್ಕನೆಯ ಸುತ್ತು

ಗೌತಮನಿಗೆ ಏಳು ವರ್ಷವಿದ್ದಾಗ ತಾಯಿ ತೀರಿಕೊಂಡಳು. ತಂದೆ ಬೆಳಿಗ್ಗೆ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗೆ ಹೋದರೆ ಹುನಗುಂದಕ್ಕೆ ಮರಳುವುದು ಸಂಜೆಗೇ. ಮಧ್ಯಾಹ್ನ ಶಾಲೆಯ ಕಟ್ಟೆಯ ಮೇಲೆ ಒಬ್ಬನೇ ಕೂತಿರುತ್ತಿದ್ದ ಹುಡುಗನನ್ನು ಒಂದು ದಿನ ಕೈಹಿಡಿದು ಊಟಕ್ಕೆ ಕರೆದೊಯ್ದವರು ಶಿಕ್ಷಕಿ ಸಾವಿತ್ರೆವ್ವ. ಅವರ ಮಗ ಸುನೀಲಕುಮಾರ ಅವನ ತರಗತಿಯವನೇ. ಆಮೇಲೆ ಇಬ್ಬರೂ ಬಾಗಲಕೋಟೆಯಲ್ಲಿ ಒಂದೇ ರೂಮು ಹಿಡಿದು ಇಂಜಿನಿಯರಿಂಗ್ ಓದಿದರು. ಕೆಲಸ ಸಿಕ್ಕಿದ್ದು ಮಾತ್ರ ಎರಡು ಬೇರೆ ಮೊಬೈಲ್ ಕಂಪನಿಗಳಲ್ಲಿ.

ಮೊಬೈಲ್ ನಡೆಯುವುದು ಗಾಳಿಯಲ್ಲಿನ ತರಂಗಗಳ ಮೇಲೆ. ಅವನ್ನು ಬಳಸುವ ಹಕ್ಕನ್ನು ಸರ್ಕಾರ ರಾಜ್ಯವಾರು ಹರಾಜು ಹಾಕುತ್ತದೆ. ಒಂದೊಂದು ಸುತ್ತಿಗೂ ಬೆಲೆ ಏರುತ್ತದೆ, ತಾಳಲಾರದವರು ಬಿಟ್ಟು ಹೋಗುತ್ತಾರೆ. ಸರ್ಕಾರ ಎಲ್ಲಿಂದ ಬೆಲೆ ಶುರು ಮಾಡುತ್ತದೆ, ಎಷ್ಟು ತರಂಗ ಮಾರಾಟಕ್ಕಿದೆ, ಎಷ್ಟು ಕಂಪನಿಗಳು ನಿಂತಿವೆ, ಇವೆಲ್ಲ ಸೇರಿ ದರವಾಗುತ್ತದೆ. ದೂರ ಹೋಗುವ, ಗೋಡೆ ದಾಟುವ ತರಂಗಕ್ಕೆ ಬೆಲೆ ಹೆಚ್ಚು. ಇದೆಲ್ಲಕ್ಕಿಂತ ದೊಡ್ಡದು, ಎದುರಿನವನು ಎಲ್ಲಿಯವರೆಗೆ ಬರುತ್ತಾನೆ ಎನ್ನುವ ಅಂಜಿಕೆ. ಅದು ಮೊದಲೇ ಗೊತ್ತಾಗಿಬಿಟ್ಟರೆ ಹರಾಜಿಗೆ ಅರ್ಥವಿಲ್ಲ. ಹಾಗಾಗಿ ಹರಾಜಿಗೆ ನಿಂತವರು ಅದರ ಬಗ್ಗೆ ಒಬ್ಬರಿಗೊಬ್ಬರು ಮಾತಾಡುವಂತಿಲ್ಲ.

ಆ ವರ್ಷ ಇಬ್ಬರೂ ತಮ್ಮ ತಮ್ಮ ಕಂಪನಿಯ ಹರಾಜು ತಂಡದಲ್ಲಿದ್ದರು. ಮುಗಿಯುವವರೆಗೆ ಫೋನೂ ಬೇಡವೆಂದು ಗೆಳೆಯರು ತಾವೇ ಮಾತಾಡಿಕೊಂಡಿದ್ದರು.

ಹರಾಜಿಗೆ ಹತ್ತು ದಿನವಿದ್ದಾಗ ಗೌತಮ ಒಂದು ಮದುವೆಗೆಂದು ಇಳಕಲ್ಲಿಗೆ ಬಂದ. ಅಷ್ಟು ಹತ್ತಿರ ಬಂದು ಹುನಗುಂದಕ್ಕೆ ಹೋಗದಿರಲು ಮನಸ್ಸಾಗಲಿಲ್ಲ. ಸಾವಿತ್ರೆವ್ವ ನಿವೃತ್ತರಾಗಿ ಮಗಳು ನಾಗರತ್ನಾಳ ಜೊತೆಗಿದ್ದರು. ಬಿಸಿ ರೊಟ್ಟಿ ಬಡಿಸುತ್ತಾ ಕೇಳಿದರು:

“ಇಬ್ಬರೂ ಒಂದಕ್ಕ ಬಡದಾಡಾಕತ್ತೀರಂತ, ಖರೆ ಏನೋ?”

“ಕಂಪನಿ ಬಡದಾಡತಾವ್ರಿ ಅಕ್ಕೋರ, ನಾವಲ್ಲ.”

“ಯಾರರ ಆಗ್ಲಿ. ಹ್ವಾದ ವಾರ ಸುನೀಲ ಬಂದಾಗ ಫೋನಿನ್ಯಾಗ ಯಾರಿಗೋ ಹೇಳಾಕತ್ತಿದ್ದ. ನಮ್ಮ ರಾಜ್ಯಕ್ಕ ನಾಲ್ಕನೇ ಸುತ್ತಿನ ತನಕ ಅಷ್ಟ, ಆಮ್ಯಾಲ ಬಿಡೂದಂತ. ಐದಕ್ಕ ನೀ ತಗೊಂಡಬಿಡು. ಸುಮ್ನ ಯಾಕ ಜಗಳಾ?”

ಗೌತಮನ ಕೈ ತಾಟಿನಲ್ಲೇ ನಿಂತಿತು. “ಇದನ್ನ ಹೇಳಬಾರದಿತ್ರಿ, ಅಕ್ಕೋರ.”

“ಹೊರಗಿನವರಿಗೆ ಹೇಳೀನೇನು? ನಿನಗಲ್ಲೇನೋ ಹೇಳಿದ್ದು!” ಅವರು ನಕ್ಕರು.

ಎರಡು ದಿನ ಅವನಿಗೆ ನಿದ್ದೆ ಬರಲಿಲ್ಲ. ಕೇಳಿದ್ದನ್ನು ಮರೆಯುವುದು ಆಗದ ಮಾತು. ಸುನೀಲನಿಗೆ ಫೋನ್ ಮಾಡಿದರೆ ಅದೇ ಇನ್ನೊಂದು ಅಪರಾಧ. ಸುಮ್ಮನಿದ್ದು ಹರಾಜಿಗೆ ಕೂತರೆ, ಸುನೀಲನ ಗುಟ್ಟು ಗೊತ್ತಿದ್ದೂ ಅವನ ಎದುರು ಆಡಿದಂತೆ. ಮುಂದೆ ಬಯಲಾದರೆ ತನ್ನ ಕೆಲಸ ಹೋಗುತ್ತದೆ ಎಂಬ ಹೆದರಿಕೆಯೂ ಇತ್ತು. ಅದನ್ನು ಅವನು ಎಂದೂ ಅಲ್ಲಗಳೆಯಲಿಲ್ಲ. ಮೂರನೆಯ ದಿನ ಕಂಪನಿಯ ವಕೀಲರಿಗೆ ಬರೆದ: ಎದುರು ಕಂಪನಿಯ ಮಿತಿ ನನ್ನ ಕಿವಿಗೆ ಬಿದ್ದಿದೆ, ನನ್ನನ್ನು ತಂಡದಿಂದ ತೆಗೆಯಿರಿ. ಯಾರಿಂದ ಕೇಳಿದೆನೆಂದು ಬರೆದಿರಲಿಲ್ಲ. ವಕೀಲರು ಕೇಳಿದರು. ಹೇಳಿದ.

ವಕೀಲರ ಮೂಲಕ ವಿಷಯ ಸುನೀಲನ ಕಂಪನಿಗೆ ತಲುಪಿತು. ಅಲ್ಲಿಂದ ಇಬ್ಬರು ಅಧಿಕಾರಿಗಳು ಹುನಗುಂದದ ಮನೆಗೇ ಬಂದು ಪಡಸಾಲೆಯಲ್ಲಿ ಕೂತು ಸಾವಿತ್ರೆವ್ವನನ್ನು ವಿಚಾರಿಸಿದರು. ನೆನಪಿಲ್ಲವೆಂದು ಹೇಳು ಎಂದು ನಾಗರತ್ನಾ ಅಡುಗೆಮನೆಯ ಬಾಗಿಲಿನಿಂದ ಕಣ್ಣಲ್ಲೇ ಸನ್ನೆ ಮಾಡಿದಳು. ಮೂವತ್ತು ವರ್ಷ ಮಕ್ಕಳಿಗೆ ಖರೆ ಹೇಳಲು ಕಲಿಸಿದವರು, ಖರೆ ಹೇಳಿದರೆ ಮಗ ಉಳಿಯುತ್ತಾನೆ ಅಂದುಕೊಂಡರು.

“ನನ್ನ ಮಗಂದೇನೂ ತಪ್ಪಿಲ್ರಿ. ಅವ ಫೋನಿನ್ಯಾಗ ಹೇಳಾಕತ್ತಿದ್ದ, ನಾ ಕೇಳಿಸಿಕೊಂಡೆ. ಬಾಯಿ ಬಿಟ್ಟಾಕಿ ನಾನು.”

ಬಂದವರು ಬರೆದುಕೊಂಡರು, ಸಾವಿತ್ರೆವ್ವ ದುಂಡಗೆ ಸಹಿ ಮಾಡಿದರು. ಕಂಪನಿಗೆ ಬೇಕಾಗಿದ್ದುದೂ ಅಷ್ಟೇ, ಗುಟ್ಟಿನ ಮಾತನ್ನು ಸುನೀಲ ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಆಡಿದ್ದ ಎನ್ನುವುದು. ಅದೇ ವಾರ ಅವನಿಂದ ರಾಜೀನಾಮೆ ಬರೆಸಿಕೊಂಡರು.

ಮಿತಿ ಹೊರಬಿದ್ದಿದ್ದರಿಂದ ಅವನ ಕಂಪನಿ ಲೆಕ್ಕಾಚಾರವನ್ನೇ ಬದಲಿಸಿತು. ನಮ್ಮ ರಾಜ್ಯದ ಹರಾಜು ನಾಲ್ಕಕ್ಕೆ ನಿಲ್ಲಲಿಲ್ಲ, ಹನ್ನೊಂದನೆಯ ಸುತ್ತಿನವರೆಗೆ ಏರಿತು. ಗಿರಾಕಿಗಳು ಹೆಚ್ಚು, ತರಂಗ ಕಡಿಮೆ, ಪೈಪೋಟಿ ಜೋರು ಎಂದು ಪತ್ರಿಕೆಗಳು ಬರೆದವು.

ಎರಡು ತಿಂಗಳ ನಂತರ ಗೌತಮ ಹುನಗುಂದಕ್ಕೆ ಹೋದ. ಬಾಗಿಲು ತೆರೆದವನು ಸುನೀಲ. ಗಡ್ಡ ಬೆಳೆದಿತ್ತು.

“ಒಂದ ಫೋನ್ ಮಾಡಬಾರದಿತ್ತೇನಲೇ?”

“ಮಾಡಿದ್ರ ನೀ ಇನ್ನೂ ಸಿಕ್ಕಬೀಳತಿದ್ದಿ.”

“ಗೊತ್ತೈತಿ. ನೀ ಮಾಡಿದ್ದು ಬರೋಬ್ಬರಿ ಐತಿ. ಅದಕ್ಕ ನಿನ್ನ ಬೈಯಾಕೂ ಬರವಲ್ದು ನನಗ.” ಸುನೀಲ ಪಕ್ಕಕ್ಕೆ ಸರಿದ. “ಹೋಗು, ಅವ್ವ ಒಳಗದಾಳ.”

ಸಾವಿತ್ರೆವ್ವ ಕಿಟಕಿಯ ಬಳಿ ಕೂತಿದ್ದರು. ಗೌತಮ ಅವರ ಕಾಲ ಬಳಿ ಕೂತ.

“ಅಕ್ಕೋರ, ನಾನ್ರಿ, ಗೌತಮ. ಏನರ ಅನ್ರಿ ನನಗ. ಬೈರಿ.”

ಅವರು ಕಿಟಕಿಯಿಂದ ಮುಖ ತಿರುಗಿಸಿ ಅವನನ್ನು ನೋಡಿದರು.

“ನನಗೇನ ಗೊತ್ತಿಲ್ಲಪಾ,” ಅಂದರು.

“ಸುನೀಲನ ಕೆಲಸ ಹ್ವಾದಾಗಿಂದ ಎಲ್ಲಾರಿಗೂ ಹಂಗ ಅಂತಾಳ,” ಹಿಂದಿನಿಂದ ನಾಗರತ್ನಾ ಹೇಳಿದಳು. “ಉಪ್ಪು ಎಲ್ಲಿಟ್ಟಿ ಅಂತ ಕೇಳಿದ್ರೂ ಅಷ್ಟ. ಓಣಿಯವರ ಜೋಡಿ ಮಾತ ಬಿಟ್ಟಾಳ.”

ಗೌತಮ ಅವರ ಪಾದದ ಮೇಲೆ ಹಣೆಯಿಟ್ಟು ಅತ್ತ. ಅವರ ಕೈ ಅವನ ತಲೆಯವರೆಗೆ ಬಂದು ಗಾಳಿಯಲ್ಲೇ ನಿಂತಿತು, ಇದೂ ತಪ್ಪಾದೀತೇನೋ ಎಂಬಂತೆ. ಮತ್ತೆ ಮಡಿಲಿಗೆ ಮರಳಿತು.

ಸುನೀಲ ಈಗ ಬಾಗಲಕೋಟೆಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಗೌತಮ ಫೋನ್ ಮಾಡಿದರೆ ಎತ್ತುತ್ತಾನೆ, ಅವ್ವನ ಆರೋಗ್ಯ ಹೇಳುತ್ತಾನೆ. ಅದರಾಚೆ ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯುವುದಿಲ್ಲ.